ಮಗ ಎರಡೂ ಹೌದು ಅಂತಾನೆ, ಅಪ್ಪ ಆಗಲ್ಲ ಅಂತಾರೆ

ಪತ್ರ:

ಅಕ್ಕಾ, ನಾ ಹುಬ್ಬಳ್ಳಿಯಾಕಿ, ಸಿಎಸ್‌ಐ ಚರ್ಚಿನ ಕ್ರೈಸ್ತ ಮನಿತನ, ನಮ್ಮ ಅಜ್ಜಾರು ಮಿಷನ್ ಸಾಲ್ಯಾಗ ಮಾಸ್ತರ್ ಇದ್ರು. ನ್ಯೂಜೆರ್ಸಿಗೆ ಬಂದು 23 ವರ್ಷ ಆತು. ಯಜಮಾನ್ರು ಯೆಹೂದಿ, ರಿಫಾರ್ಮ್ ಅಂತ ಕಟ್ಟುಪಾಡು ಸಡಿಲ ಇರೂ ಪಂಗಡದಾವ್ರು. ಮದುವಿಗಿಂತ ಮುಂಚೆನ ಮಾತಾಗಿತ್ತು, ನಾ ಮತ ಬದಲಿ ಮಾಡಂಗಿಲ್ಲ, ಆದ್ರ ಮಕ್ಕಳಾದ್ರ ಯೆಹೂದಿ ಅಂತನ ಬೆಳಸೂದು ಅಂತ. ಒಬ್ಬನ ಮಗ, 13ಕ್ಕ ಬಾರ್ ಮಿತ್ಸ್ವಾನೂ ಆತು, ಹುಡುಗ ದೊಡ್ಡಾಂವ ಆದ ಅಂತ ಯೆಹೂದಿಗಳು ಮಾಡೂ ಶಾಸ್ತ್ರ ಅದು. ಈಗ ಅವಗ 20. ಕಾಲೇಜಿನ್ಯಾಗ ಮೆಸ್ಸಿಯಾನಿಕ್ ಅಂತ ಒಂದು ಗುಂಪಿಗೆ ಹೊಂಟಾನ. ಯೇಸುನ ಮೆಸ್ಸೀಯ, ಅಂದ್ರ ದೇವ್ರು ಕಳಸೂ ರಕ್ಷಕ, ಅವನ್ನ ನಂಬಿದ್ರ ನಾ ಪೂರ್ತಿ ಯೆಹೂದಿ ಆಗ್ತೀನಿ, ಎರಡೂ ಆಗ್ಲಿಕ್ಕೆ ಬರ್ತದ ಅಂತಾನ. ಬ್ಯಾಸಗಿಗೆ ದೀಕ್ಷಾಸ್ನಾನ, ಅಂದ್ರ ಬ್ಯಾಪ್ಟಿಸಮ್, ತಗೋತಾನಂತ. ಪಾಸೋವರ್, ಅಂದ್ರ ಯೆಹೂದಿಗಳ ಪಸ್ಕ ಹಬ್ಬದ ಊಟಕ್ಕ ಅತ್ತಿ ಮನ್ಯಾಗ ಎಲ್ಲಾರೂ ಕೂಡಿದಾಗ ಹೇಳ್ತೀನಿ ಅಂತ ಹಟ ಹಿಡದಾನ. ಯಜಮಾನ್ರಿಗೆ ವಿಷಯ ಗೊತ್ತಾಗಿ ಹದಿನೈದು ದಿನ ಆತು, ಅವನ ಕೂಡ ಮಾತು ಬಿಟ್ಟಾರ. ಅವರ ಅಜ್ಜಿ ಕಡೆಯಾವ್ರು ಪೋಲಂಡ್‌ನ್ಯಾಗ ಹಿಟ್ಲರ್ ಕಾಲಕ್ಕ ಒಬ್ರೂ ಉಳೀಲಿಲ್ಲ. ಇನ್ನೊಂದು ಮಾತು ಯಾರಿಗೂ ಹೇಳಿಲ್ಲ. ಮಗ ಸಣ್ಣಾಂವ ಇದ್ದಾಗ ರಾತ್ರಿ ಮಲಗಿಸೂ ಮುಂದ ನಾ ಅವಗ ಕನ್ನಡದಾಗ ಯೇಸುವಿನ ಪ್ರಾರ್ಥನಿ ಹೇಳಿಕೊಟ್ಟಿದ್ದೆ. ಈಗ ಅಂವ ಹಿಂಗಂದಾಗ ನನಗ ಒಳಗೊಳಗ ಸಂತೋಷ ಆತು, ಆಮ್ಯಾಲ ಹೆದರಿಕಿ ಆತು. ಮನುಷ್ಯಾ ಎರಡೂ ಆಗ್ಲಿಕ್ಕೆ ಸಾಧ್ಯ ಐತೇನ್ರಿ? ನಾ ಯಾರ ಕಡೆ ನಿಂದ್ರಲಿ?

ಉತ್ತರ:

ತಂಗೀ, ನಿಮ್ಮ ಪತ್ರಾನ ನಾಲ್ಕು ಸಲ ಓದಿದೆ. ಕೊನೆಗೆ ಬರ್ದಿದೀರಲ್ಲ ಆ ಪ್ರಾರ್ಥನೆ ಮಾತು, ನನ್ನ ಪ್ರಕಾರ ಇಡೀ ಪತ್ರದ ಭಾರ ಅದ್ರ ಮೇಲೇ ಇದೆ, ಅಲ್ಲಿಗೆ ಬರ್ತೀನಿ. ಆದ್ರೆ ನೀವು ನೇರವಾಗಿ ಒಂದು ಪ್ರಶ್ನೆ ಕೇಳಿದೀರ, ಎರಡೂ ಆಗಕ್ಕೆ ಸಾಧ್ಯಾನಾ ಅಂತ, ಅದಕ್ಕೆ ಮೊದ್ಲು ಉತ್ತರ ಹೇಳ್ಬೇಕು, ಯಾಕಂದ್ರೆ ಮಗ ಮನೆಗೆ ಬಂದಾಗ ಬೈಬಲ್ ತೆಗೆದಿಟ್ಕೊಂಡೇ ಕೂತ್ಕೋತಾನೆ, ಆಗ ನಿಮ್ಮ ಕೈಯಲ್ಲೂ ಏನಾದ್ರೂ ಇರ್ಬೇಕಲ್ಲ.

ಅವನು ಮೊದ್ಲು ಹೇಳೋದು ಇದೇ ಇರುತ್ತೆ, ಯೇಸು ಯೆಹೂದಿ, ಅವನ ಶಿಷ್ಯ ಪೇತ್ರ ಯೆಹೂದಿ, ಅವನ ಸುವಾರ್ತೆ ಸಾರಿದ ಪೌಲ ಯೆಹೂದಿ, ಅವ್ರು ಎರಡೂ ಆಗಿರ್ಲಿಲ್ವಾ ಅಂತ. ಹೌದು, ಆಗಿದ್ರು. ಅದನ್ನ ಒಪ್ಕೊಳ್ಳಿ, ವಾದ ಮಾಡೋಕೆ ಹೋಗ್ಬೇಡಿ. ಮೊದಲನೇ ತಲೆಮಾರಲ್ಲಿ ಯೇಸುನ ನಂಬ್ದೋರು ಯೆರೂಸಲೇಮಿನ ದೇವಾಲಯಕ್ಕೆ ಹೋಗ್ತಾನೇ ಇದ್ರು, ವಾರದ ವಿಶ್ರಾಂತಿ ದಿನ ಸಬ್ಬತ್ ಹಿಡೀತಿದ್ರು, ಆಗ ಇದ್ದ ಜಗಳವೇ ಉಲ್ಟಾ, ಯೆಹೂದಿ ಅಲ್ದೋನು ಸುನ್ನತಿ ಮಾಡಿಸ್ಕೊಳ್ದೇ ಒಳಗೆ ಬರ್ಬಹುದಾ ಅನ್ನೋದು. ಅಪೊಸ್ತಲರ ಕೃತ್ಯಗಳು 15ನೇ ಅಧ್ಯಾಯದಲ್ಲಿ ಇರೋದೇ ಆ ಪಂಚಾಯ್ತಿ, ಸುಮಾರು ಕ್ರಿ.ಶ. 50ರ ಹೊತ್ತಿಂದು, ನೀವು ಸಂಡೇ ಸ್ಕೂಲಲ್ಲಿ ಓದಿರ್ತೀರ. ಹುಬ್ಬಳ್ಳಿಯ ನಿಮ್ಮ ಅಜ್ಜ ಸುನ್ನತಿ ಇಲ್ದೇನೇ ಕ್ರೈಸ್ತರಾಗಿದ್ದು, ಬರ್ಬಹುದು ಅನ್ನೋ ಆ ತೀರ್ಮಾನದಿಂದಾನೇ.

ಆದ್ರೆ ಆಮೇಲೆ ಮುನ್ನೂರು ನಾನೂರು ವರ್ಷದಲ್ಲಿ ಎರಡೂ ಕಡೆಯವ್ರು ಬಾಗಿಲು ಹಾಕ್ಕೊಂಡ್ರು. 325ರಲ್ಲಿ ಬಿಷಪ್‌ಗಳು ಕೂಡಿದ ನಿಕೇಯ ಸಭೆ ಈಸ್ಟರ್ ಲೆಕ್ಕಾನ ಯೆಹೂದಿಗಳ ಪಸ್ಕದ ಲೆಕ್ಕದಿಂದ ಬೇರೆ ಮಾಡ್ತು. 386ರಲ್ಲಿ ಅಂತಿಯೋಕ್ಯದಲ್ಲಿ ಯೋಹಾನ ಕ್ರಿಸೊಸ್ತಮ್ ಅನ್ನೋ ಪಾದ್ರಿ ತನ್ನ ಜನಕ್ಕೆ ಬೈದಿದ್ದೇ ಬೈದಿದ್ದು, ಹಬ್ಬ ಬಂದ್ರೆ ನೀವೆಲ್ಲಾ ಯೆಹೂದಿಗಳ ಸಭಾಮಂದಿರಕ್ಕೆ ಓಡ್ತೀರಲ್ಲ ಅಂತ, ಅಂದ್ರೆ ಜನ ಆಗ್ಲೂ ಎರಡೂ ಕಡೆ ಓಡಾಡ್ತಾನೇ ಇದ್ರು ಅಂತಾಯ್ತು, ತಡೆಯೋರು ಮೇಲಿನೋರು. ಬೈಬಲ್ ಪಂಡಿತ ಜೆರೋಮ್ ಅಂತೂ 404ರ ಹೊತ್ತಿಗೆ ಬಿಷಪ್ ಅಗಸ್ಟೀನ್‌ಗೆ ಬರ್ದ ಕಾಗದದಲ್ಲಿ, ಯೇಸುನ ನಂಬಿ ಯೆಹೂದಿ ಆಚಾರಾನೂ ಬಿಡದೇ ಇದ್ದ ನಜರೇನರು ಅನ್ನೋ ಪಂಗಡದ ಬಗ್ಗೆ ಒಂದೇ ಏಟಿಗೆ ಹೇಳ್ಬಿಟ್ಟ, ಅವ್ರು ಯೆಹೂದಿಗಳೂ ಕ್ರೈಸ್ತರೂ ಎರಡೂ ಆಗೋಕೆ ಹೋಗಿ ಎರಡೂ ಅಲ್ದೇ ಹೋದ್ರು ಅಂತ. ನಂಗೆ ಆ ಮಾತು ಕ್ರೂರ ಅನ್ಸುತ್ತೆ. ಆದ್ರೆ 1,600 ವರ್ಷದಿಂದ ನಡ್ಕೊಂಡು ಬಂದಿರೋದು ಅದೇ, ನಿಮ್ಮ ಮಗ ಇವತ್ತು ನಿಂತಿರೋ ಜಾಗ ಅದು.

ಇನ್ನು ನಂಬಿಕೆ ವಿಷಯ. ಇದ್ರಲ್ಲಿ ನಾನು ಮೆತ್ತಗೆ ಮಾತಾಡಲ್ಲ. ಯೆಹೂದಿ ಸಂಪ್ರದಾಯದ ಪ್ರಕಾರ ಮೆಸ್ಸೀಯ ಇನ್ನೂ ಬರ್ಬೇಕಾದೋನು, ಅವನು ಮನುಷ್ಯ, ದಾವೀದನ ವಂಶದ ಅರಸ, ಅವನು ಬಂದ ದಿನ ಯುದ್ಧ ನಿಲ್ಲುತ್ತೆ, ಕತ್ತಿಗಳೆಲ್ಲಾ ನೇಗಿಲ ಗುಳ ಆಗುತ್ತೆ, ಚದುರಿಹೋದ ಜನ ಊರಿಗೆ ವಾಪಸ್ ಬರ್ತಾರೆ. ಎಲ್ಲಿ ನಿಂತಿದೆ ಯುದ್ಧ, ಅಂದ್ಮೇಲೆ ಅವನು ಬಂದಿಲ್ಲ, ಇದು ಅವ್ರ ವಾದ. ನಮ್ಮ ನಿಮ್ಮ ಚರ್ಚಿನ ಪ್ರಕಾರ ಅವನು ಬಂದಾಯ್ತು, ಅವನು ದೇವರೇ ಮನುಷ್ಯನಾಗಿ ಬಂದಿದ್ದು. ‘ಇಸ್ರಾಯೇಲೇ ಕೇಳು, ಕರ್ತನೊಬ್ಬನೇ’ ಅಂತ ಬೆಳಗ್ಗೆ ಸಂಜೆ ಹೇಳೋ ಮನೆಯಲ್ಲಿ, ಮನುಷ್ಯನಾಗಿ ಹುಟ್ಟಿದ ಒಬ್ಬರನ್ನ ದೇವರು ಅನ್ನೋದು ಚಿಕ್ಕ ಭೇದ ಅಲ್ಲ. ಬಂದಾಯ್ತು, ಇನ್ನೂ ಬಂದಿಲ್ಲ, ಎರಡನ್ನೂ ಒಂದೇ ಬಾಯಲ್ಲಿ ಹೇಳಕ್ಕಾಗಲ್ಲ. ಅದಕ್ಕೇ ನಂಬಿಕೆ ಲೆಕ್ಕದಲ್ಲಿ ನನ್ನ ಉತ್ತರ, ಆಗಲ್ಲ. ನಿಮ್ಮ ಮಗ ಯೇಸುನ ದೇವರಮಗ ಅಂತ ನಂಬಿದ್ರೆ ಅವನ ನಂಬಿಕೆ ಕ್ರೈಸ್ತ ನಂಬಿಕೆ, ಅದಕ್ಕೆ ಹೀಬ್ರೂ ಹೆಸರು ಇಟ್ರೂ ಅದೇ, ಯೇಸು ಅನ್ನೋ ಕಡೆ ಯೆಶುವಾ ಅಂದ್ರೂ ಅದೇ.

ಆದ್ರೆ ಮನುಷ್ಯ ಅಂದ್ರೆ ಬರೀ ನಂಬಿಕೆ ಅಲ್ವಲ್ಲ. ಅಲ್ಲೇ ತೊಡಕು ಬರೋದು.

2013ರಲ್ಲಿ ಪ್ಯೂ ರಿಸರ್ಚ್ ಅನ್ನೋ ಸಮೀಕ್ಷೆ ಸಂಸ್ಥೆಯೋರು ಅಮೆರಿಕದ ಯೆಹೂದಿಗಳನ್ನ ಕೇಳಿದ್ರು, ದೇವರೇ ಇಲ್ಲ ಅನ್ನೋನು ಯೆಹೂದಿ ಆಗಿರ್ಬಹುದಾ ಅಂತ, 68% ಜನ ಆಗಿರ್ಬಹುದು ಅಂದ್ರು. ಯೇಸು ಮೆಸ್ಸೀಯ ಅನ್ನೋನು? 60% ಜನ ಆಗಲ್ಲ ಅಂದ್ರು, 34% ಮಾತ್ರ ಆಗುತ್ತೆ ಅಂದ್ರು. ನಾಸ್ತಿಕನಿಗೆ ಜಾಗ ಇದೆ, ಯೇಸುನ ನಂಬ್ದೋನಿಗೆ ಇಲ್ಲ! ಮೊದಲ್ನೇ ಸಲ ಓದಿದಾಗ ನಂಗೆ ಇದು ಅನ್ಯಾಯ ಅನ್ಸಿತ್ತು. ಆಮೇಲೆ ಅರ್ಥ ಆಯ್ತು, ಇದು ದೇವರ ಲೆಕ್ಕಾಚಾರ ಅಲ್ಲ, ನೆನಪಿನ ಲೆಕ್ಕಾಚಾರ. ನಾಸ್ತಿಕರು ಯಾರೂ ಅವ್ರ ಮಕ್ಕಳನ್ನ ಎಳ್ಕೊಂಡೋಗಿ ದೀಕ್ಷಾಸ್ನಾನ ಮಾಡ್ಸಿರ್ಲಿಲ್ಲ.

ನಮ್ಮ ಪಕ್ಕದ ಗೋವಾದ್ದೇ ಕಥೆ ಹೇಳ್ತೀನಿ ಕೇಳಿ. ಗಾರ್ಸಿಯಾ ದ ಓರ್ಟಾ ಅಂತ ಪೋರ್ಚುಗೀಸ್ ವೈದ್ಯ, ನಮ್ಮ ಕಡೆ ಗಿಡಮೂಲಿಕೆ ಬಗ್ಗೆ ದೊಡ್ಡ ಪುಸ್ತಕ ಬರ್ದೋನು, ಅವನ ಹೆತ್ತವ್ರು ಬಲವಂತಕ್ಕೆ ಕ್ರೈಸ್ತರಾದ ಯೆಹೂದಿಗಳು. ಹೊರಗೆ ಕ್ಯಾಥೊಲಿಕ್ ಆಗೇ ಬದುಕಿ 1568ರಲ್ಲಿ ತೀರ್ಕೊಂಡ. ಮಾರನೇ ವರ್ಷ ಅವನ ತಂಗಿ ಕತರೀನಾನ, ನೀನು ಗುಟ್ಟಾಗಿ ಯೆಹೂದಿ ಆಚಾರ ಮಾಡ್ತಿದ್ದೀಯ ಅಂತ ಗೋವಾದ ಇನ್‌ಕ್ವಿಸಿಷನ್‌ನೋರು, ಅಂದ್ರೆ ಚರ್ಚಿನ ಮತವಿಚಾರಣೆ ಕೋರ್ಟಿನೋರು, ಜೀವಂತ ಸುಟ್ರು, 1580ರಲ್ಲಿ ಅವನ ಮೂಳೆಗಳನ್ನೂ ಗೋರಿಯಿಂದ ಅಗೆದು ತೆಗೆದು ಸುಟ್ರು. ಎರಡೂ ಆಗಿದ್ದೋರ್ಗೆ ಚರ್ಚು ಕೊಟ್ಟ ಉತ್ತರ ಅದು. ನಿಮ್ಮ ಯಜಮಾನ್ರು ಗಾರ್ಸಿಯಾ ಹೆಸರು ಕೇಳಿರ್ತಾರೋ ಇಲ್ವೋ, ಆದ್ರೆ ಇಂಥ ಹತ್ತು ಕಥೆ ಅವ್ರ ಮನೇಲಿ ಹಾಲಿನ ಜೊತೆ ಕುಡಿಸಿರ್ತಾರೆ. ದೀಕ್ಷಾಸ್ನಾನ ಅನ್ನೋ ಪದ ಕೇಳಿದ್ರೆ ನಿಮ್ಗೆ ಬಿಳಿ ಬಟ್ಟೆ, ನೀರು, ಪಾದ್ರಿಯವ್ರ ಕೈ, ಮನೇಲಿ ಬಿರಿಯಾನಿ ನೆನಪಾಗುತ್ತೆ. ಅವ್ರಿಗೆ ಅದು ನೆನಪಾಗಲ್ಲ ತಂಗಿ.

ಇನ್ನೊಂದು ವಿಷಯ, ಇದು ನೋವಾಗುತ್ತೆ, ಆದ್ರೂ ಹೇಳ್ತೀನಿ. ‘ಪೂರ್ತಿ ಯೆಹೂದಿ ಆಗ್ತೀನಿ’ ಅಂತಾನಲ್ಲ ನಿಮ್ಮ ಮಗ, ಆರ್ಥೊಡಾಕ್ಸ್ ಮತ್ತೆ ಕನ್ಸರ್ವೇಟಿವ್ ಪಂಗಡದೋರ ಪ್ರಕಾರ ಅವನು ಯೆಹೂದಿನೇ ಅಲ್ಲ, ಯಾಕಂದ್ರೆ ಅವ್ರಲ್ಲಿ ತಾಯಿ ಕಡೆಯಿಂದ ಬರೋದು, ತಾಯಿ ನೀವು. ರಿಫಾರ್ಮ್‌ನೋರು 1983ರಲ್ಲಿ ಒಂದು ನಿರ್ಣಯ ಮಾಡಿದ್ರು, ಅಪ್ಪ ಮಾತ್ರ ಯೆಹೂದಿ ಆದ್ರೂ ಸರಿ, ಮಗು ಯೆಹೂದಿಯಾಗಿ ಬೆಳೆದು ನಾಲ್ಕು ಜನರ ಮುಂದೆ ಅದನ್ನ ತೋರಿಸ್ಕೊಂಡ್ರೆ ನಾವು ಒಪ್ಕೋತೀವಿ ಅಂತ. ಅಂದ್ರೆ ನೋಡಿ, ಅವನ ಯೆಹೂದಿತನ ನಿಂತಿರೋದು ಹುಟ್ಟಿನ ಮೇಲಷ್ಟೇ ಅಲ್ಲ, ಬೆಳೆಸಿದ್ದರ ಮೇಲೆ, ನೀವಿಬ್ರೂ ಮದುವೆಗೆ ಮುಂಚೆ ಆಡಿದ ಮಾತಿನ ಮೇಲೆ. ಆ ಬಾರ್ ಮಿತ್ಸ್ವಾ ಬರೀ ಫೋಟೋ, ಕೇಕು ಆಗಿರ್ಲಿಲ್ಲ. ಮೆಸ್ಸಿಯಾನಿಕ್ ಗುಂಪುಗಳನ್ನ ಮಾತ್ರ ಈ ಮೂರು ಪಂಗಡದೋರೂ ತಮ್ಮೋರು ಅಂತ ಒಪ್ಪಲ್ಲ, ಬೇರೆಲ್ಲಾ ವಿಷಯಕ್ಕೂ ಕಿತ್ತಾಡೋ ಜನ ಇದೊಂದಕ್ಕೆ ಒಂದೇ ಮಾತು ಆಡ್ತಾರೆ.

ಕೋರ್ಟು ಕೂಡ ಇದನ್ನ ನೋಡಿದೆ. ಓಸ್ವಾಲ್ಡ್ ರುಫೈಸೆನ್ ಅಂತ ಪೋಲಂಡಿನ ಯೆಹೂದಿ ಹುಡುಗ, ಯುದ್ಧದ ಕಾಲದಲ್ಲಿ ಗುರುತು ಮುಚ್ಚಿಟ್ಟು ಜರ್ಮನ್ ಪೊಲೀಸರಿಗೆ ದುಭಾಷಿ ಆಗಿ ಸೇರ್ಕೊಂಡು, ಮೀರ್ ಅನ್ನೋ ಊರಿನ ಘೆಟ್ಟೋದಲ್ಲಿ, ಅಂದ್ರೆ ಕೂಡಿಹಾಕಿದ್ದ ಕೇರಿಯಲ್ಲಿ, ಇದ್ದ ಯೆಹೂದಿಗಳಿಗೆ ನಿಮ್ಮನ್ನ ಕೊಲ್ಲೋಕೆ ಬರ್ತಿದಾರೆ ಅಂತ ಮೊದ್ಲೇ ಸುಳಿವು ಕೊಟ್ಟ, ಸುಮಾರು 300 ಜನ ತಪ್ಪಿಸ್ಕೊಂಡ್ರು. ಆಮೇಲೆ ತಾನು ಒಂದು ಕಾನ್ವೆಂಟಲ್ಲಿ ಅಡಗಿದ್ದಾಗ ಕ್ರೈಸ್ತನಾದ, ಬ್ರದರ್ ಡೇನಿಯಲ್ ಅಂತ ಸನ್ಯಾಸಿ ಆದ. 1959ರಲ್ಲಿ ಇಸ್ರೇಲ್‌ಗೆ ಬಂದು, ನನ್ನ ಧರ್ಮ ಕ್ಯಾಥೊಲಿಕ್, ಆದ್ರೆ ನನ್ನ ಜನ ಯೆಹೂದಿ ಜನ, ಯೆಹೂದಿಗಳಿಗೆ ಇಲ್ಲಿ ಬಂದು ನೆಲೆಸೋ ಹಕ್ಕು ಕೊಡೋ ವಾಪಸಾತಿ ಕಾನೂನಲ್ಲಿ ನಂಗೂ ಹಕ್ಕಿದೆ ಅಂದ. ಅಲ್ಲಿಯ ಸುಪ್ರೀಂ ಕೋರ್ಟು 1962ರಲ್ಲಿ ಇಲ್ಲ ಅಂತು. ಐದು ಜನ ಜಡ್ಜ್‌ಗಳಲ್ಲಿ ನಾಲ್ಕು ಜನ ಇಲ್ಲ ಅಂದ್ರು. ಅವನ ತಾಯಿ ಯೆಹೂದಿ, ಅಷ್ಟು ಜನರ ಜೀವ ಉಳಿಸ್ದೋನು, ಆದ್ರೂ ಸಾಮಾನ್ಯ ಯೆಹೂದಿಯನ್ನ ಕೇಳಿದ್ರೆ ಕ್ರೈಸ್ತ ಸನ್ಯಾಸಿನ ಯೆಹೂದಿ ಅನ್ನಲ್ಲ, ಅಷ್ಟೇ ಅವ್ರ ತರ್ಕ. ಅವನು ಮುನಿಸ್ಕೊಂಡು ಪೋಲಂಡಿಗೆ ಹೋಗ್ಲಿಲ್ಲ, ಬೇರೆ ದಾರಿಯಲ್ಲಿ ಪೌರತ್ವ ತಗೊಂಡು ಹೈಫಾದಲ್ಲೇ ಇದ್ದು 1998ರಲ್ಲಿ ಅಲ್ಲೇ ತೀರ್ಕೊಂಡ. ಈ ಮನುಷ್ಯನ ಕಥೆನ ನಿಮ್ಮ ಮಗನಿಗೆ ಹೇಳಿ. ತಾನು ಏನು ಅಂತ ಅವನಿಗೆ ಗೊತ್ತಿತ್ತು, ಆದ್ರೆ ಅದನ್ನ ಒಪ್ಪೋದು ಬಿಡೋದು ತನ್ನೊಬ್ಬನ ಕೈಲಿಲ್ಲ ಅನ್ನೋದನ್ನೂ ತಿಳ್ಕೊಂಡು ಅವ್ರ ನಡುವೆನೇ ಬದುಕಿದ.

ನಮ್ಮ ದೇಶದಲ್ಲೂ ಒಬ್ರು ಹಿಂಗೇ ಹೇಳಿದ್ರು, ಬಂಗಾಳದ ಬ್ರಹ್ಮಬಾಂಧವ ಉಪಾಧ್ಯಾಯ, 1891ರಲ್ಲಿ ಕ್ರೈಸ್ತರಾದ ಬ್ರಾಹ್ಮಣ, ಕಾವಿ ಹಾಕ್ಕೊಂಡು ಓಡಾಡ್ತಿದ್ರು. ಸಮಾಜಧರ್ಮದಲ್ಲಿ ನಾನು ಹಿಂದೂ, ಸಾಧನಧರ್ಮದಲ್ಲಿ ಕ್ಯಾಥೊಲಿಕ್ ಅನ್ನೋದು ಅವ್ರ ವಾದ. ನಂಗೆ ಇದು ತುಂಬಾ ಇಷ್ಟವಾದ ಮಾತು, ನಿಮ್ಮ ಮಗನಿಗೂ ಹಿಡಿಸ್ಬಹುದು. ಆದ್ರೆ ಯೆಹೂದಿಗಳಲ್ಲಿ ಸಮಾಜ ಬೇರೆ, ಸಾಧನೆ ಬೇರೆ ಅಂತ ಅಷ್ಟು ಸಲೀಸಾಗಿ ಬಿಡ್ಸಕ್ಕೆ ಬರಲ್ಲ, ಅವ್ರ ಜನವೇ ದೇವರ ಜೊತೆ ಅವ್ರ ಒಡಂಬಡಿಕೆ. ಅದಕ್ಕೇ ನಾನು ಹೇಳೋದು ಇಷ್ಟು, ನಿಮ್ಮ ಮಗ ಕ್ರೈಸ್ತನಾದ್ರೂ ಅವನ ರಕ್ತ, ಅವನ ಅಜ್ಜಿ, ಹೀಬ್ರೂ ಕಲಿತ ಅವನ ನಾಲಿಗೆ, ಪೋಲಂಡಲ್ಲಿ ಸತ್ತೋರ ಋಣ, ಇದ್ಯಾವ್ದೂ ನೀರಲ್ಲಿ ತೊಳ್ದು ಹೋಗಲ್ಲ. ಯೆಹೂದಿ ಮನೆಯಿಂದ ಬಂದ ಕ್ರೈಸ್ತ ಅಂತ ಅವನು ತಲೆಯೆತ್ತಿ ಹೇಳ್ಬಹುದು. ಎರಡೂ ಧರ್ಮ ನಂದು, ನೀವು ಒಪ್ಲೇಬೇಕು ಅಂತ ಅಪ್ಪನ ಎದೆ ಮೇಲೆ ಕೂರಕ್ಕಾಗಲ್ಲ.

ಈಗ ಯಜಮಾನ್ರ ವಿಷಯ. ಅವ್ರು ಮೌನವಾಗಿದಾರೆ ಅಂದ್ರೆ ಹಟ ಅಂತ ತಿಳ್ಕೋಬೇಡಿ. ಈಡಿತ್ ಸ್ಟೈನ್ ಅಂತ ಜರ್ಮನಿಯ ಯೆಹೂದಿ ತತ್ವಶಾಸ್ತ್ರಜ್ಞೆ, 1922ರಲ್ಲಿ ಕ್ಯಾಥೊಲಿಕ್ ಆದ್ರು. ಜನ ಅವ್ರ ಬಗ್ಗೆ ಮಾತಾಡ್ತಾರೆ, ನಂಗೆ ಕಾಡೋದು ಅವ್ರ ತಾಯಿ. ಗಂಡ ಸತ್ತ ಮೇಲೆ ಮರದ ವ್ಯಾಪಾರ ನಡೆಸಿ ಮಕ್ಕಳನ್ನ ಸಾಕಿದ ಹೆಂಗಸು. 1933ರ ಅಕ್ಟೋಬರ್, ಹಿಟ್ಲರ್ ಬಂದು ಒಂಬತ್ತು ತಿಂಗಳು, ಅದೇ ಹೊತ್ತಲ್ಲಿ ಮಗಳು ಕಾನ್ವೆಂಟ್ ಸೇರ್ತೀನಿ ಅಂತಾಳೆ. ಹೊರಡೋ ಮುಂಚಿನ ದಿನ, ಅವತ್ತು ಮಗಳ ಹುಟ್ಟಿದಬ್ಬಾನೂ ಹೌದು, ತಾಯಿ ಮಗಳು ಇಬ್ರೂ ಸಿನಗಾಗ್‌ಗೆ, ಅಂದ್ರೆ ಯೆಹೂದಿಗಳ ಸಭಾಮಂದಿರಕ್ಕೆ, ಹೋಗಿ ಬಂದ್ರು. ಆ ತಾಯಿ ಯೇಸು ಬಗ್ಗೆ ಕೆಟ್ಟ ಮಾತಾಡ್ಲಿಲ್ಲ, ಅವನು ಒಳ್ಳೆ ಮನುಷ್ಯನೇ ಇರ್ಬಹುದು, ಆದ್ರೆ ತನ್ನನ್ನ ತಾನೇ ದೇವರು ಅಂತ ಯಾಕೆ ಮಾಡ್ಕೊಂಡ ಅಂತ ಕೇಳಿದ್ರಂತೆ. 1942ರಲ್ಲಿ ಆ ಮಗಳನ್ನ ಔಷ್ವಿಟ್ಸ್ ಅನ್ನೋ ನಾಜಿ ಸಾವಿನ ಶಿಬಿರದಲ್ಲಿ ಕೊಂದ್ರು, ಕ್ರೈಸ್ತ ಸನ್ಯಾಸಿನಿ ಆಗಿದ್ರೂ ಹುಟ್ಟಿನಿಂದ ಯೆಹೂದಿ ಅಂತ. ನಿಮ್ಮ ಯಜಮಾನ್ರು ಮಾತಾಡ್ದೇ ಇರೋದ್ರ ಹಿಂದೆ ಇಂಥ ದುಃಖ ಇದೆ. ಅವ್ರಿಗೆ ಇದು ಮಗ ಹೊಸ ಗುಂಪು ಸೇರಿದ್ದಲ್ಲ, ಹಿಟ್ಲರ್ ಕೈಯಿಂದ ತಪ್ಪಿ ಉಳಿದ ಒಂದು ಎಳೆ ತಮ್ಮ ಕೈಯಲ್ಲೇ ಕಡಿದುಹೋದ ಹಾಗೆ.

ಅದಕ್ಕೇ ಪಾಸೋವರ್ ಊಟದ ಮೇಜಲ್ಲಿ ಹೇಳೋದು ಬೇಡವೇ ಬೇಡ. ಇದ್ರಲ್ಲಿ ನೀವು ಮಗನಿಗೆ ಕಟ್ಟುನಿಟ್ಟಾಗಿ ಹೇಳಿ. ಯೂರೋಪಲ್ಲಿ ಶತಮಾನಗಟ್ಟಲೆ ಪಸ್ಕ, ಈಸ್ಟರ್ ಬರೋ ಕಾಲವೇ ಯೆಹೂದಿಗಳಿಗೆ ಭಯದ ಕಾಲ, ಕ್ರೈಸ್ತ ಮಕ್ಕಳ ರಕ್ತ ತಗೋತಾರೆ ಅನ್ನೋ ಸುಳ್ಳು ಹಬ್ಬಿಸಿ ಹೊಡೆಯೋರು. 1903ರಲ್ಲಿ ಆಗಿನ ರಷ್ಯಾದ ಕಿಷಿನೇವ್ ಅನ್ನೋ ಊರಲ್ಲಿ ಈಸ್ಟರ್ ಭಾನುವಾರ ಶುರುವಾದ ಗಲಭೆಯಲ್ಲಿ 49 ಯೆಹೂದಿಗಳು ಸತ್ರು. ಅಜ್ಜಿ ಅದೇ ಹಬ್ಬಕ್ಕೆ ಮಟ್ಜಾ ಅನ್ನೋ ಹುಳಿ ಹಾಕದ ರೊಟ್ಟಿ ಮುರಿದು, ಎಲೀಯನಿಗೆ ಅಂತ ಒಂದು ಲೋಟ ದ್ರಾಕ್ಷಾರಸ ತೆಗೆದಿಟ್ಟು, ಬಾಗಿಲು ತೆರೆದು ಕೂತಿರ್ತಾರೆ, ಮೆಸ್ಸೀಯ ಬರೋ ಮುಂಚೆ ಬರೋ ಪ್ರವಾದಿಗೆ ಕಾಯ್ತಾ. ಆ ಹೊತ್ತಲ್ಲಿ ಮೊಮ್ಮಗ ಎದ್ದು ನಿಂತು, ಅವನು ಬಂದು ಹೋಗಿ ಎರಡು ಸಾವಿರ ವರ್ಷ ಆಯ್ತಜ್ಜಿ ಅನ್ನೋದು ಧೈರ್ಯ ಅಲ್ಲ. ಬೇರೆ ದಿನ, ಬೇರೆ ಜಾಗ, ಅಪ್ಪ ಮಗ ಇಬ್ರೇ ಇದ್ದಾಗ ಹೇಳ್ಲಿ.

ಇನ್ನು ನಿಮ್ಮ ಗುಟ್ಟು.

ತಂಗೀ, ಮಗೂಗೆ ನಿಮ್ಮ ತಾಯ್ನುಡೀಲಿ ಪ್ರಾರ್ಥನೆ ಹೇಳಿಕೊಟ್ಟಿದ್ದು ಪಾಪ ಅಂತ ನಾನು ಹೇಳಲ್ಲ. ನೀವು ಅಷ್ಟು ದೂರದ ದೇಶದಲ್ಲಿ, ಸುತ್ತ ಯಾರೂ ಕನ್ನಡ ಆಡದೇ ಇರೋ ಮನೇಲಿ, ರಾತ್ರಿ ಮಗು ತಲೆ ಸವರ್ತಾ ನಿಮ್ಮ ಅಮ್ಮ ನಿಮ್ಗೆ ಹೇಳಿಕೊಟ್ಟಿದ್ದನ್ನೇ ಹೇಳಿಕೊಟ್ರಿ, ಅದ್ರಲ್ಲಿ ಅರ್ಧ ದೇವರು, ಅರ್ಧ ತವರುಮನೆ ನೆನಪು. ಆದ್ರೆ ನೀವು ಒಂದು ಮಾತು ಕೊಟ್ಟಿದ್ರಿ, ಅದನ್ನ ಕದ್ದು ಮುರಿದ್ರಿ, ಇದೂ ನಿಜ. ಈಗ ಯಜಮಾನ್ರು ತಮ್ಮೊಳಗೇ ತಪ್ಪು ಹುಡುಕ್ತಿರ್ತಾರೆ, ನಾನೆಲ್ಲಿ ಎಡವಿದೆ, ಇನ್ನೂ ಹೆಚ್ಚು ಸಿನಗಾಗ್‌ಗೆ ಕರ್ಕೊಂಡು ಹೋಗ್ಬೇಕಿತ್ತಾ ಅಂತ. ಆ ಭಾರದಲ್ಲಿ ನಿಮ್ಮ ಪಾಲಿದೆ, ಅದನ್ನ ಅವ್ರೊಬ್ರ ಹೆಗಲ ಮೇಲೆ ಬಿಡ್ಬೇಡಿ. ಹೇಳಿ ಅವ್ರಿಗೆ. ಮಗ ಬರೋ ಮುಂಚೆ ಹೇಳಿ. ಮಗನ ಬಾಯಿಂದ, ‘ಅಮ್ಮಾನೇ ಚಿಕ್ಕೋನಿದ್ದಾಗ ಹೇಳಿಕೊಟ್ಟಿದ್ರು’ ಅಂತ ಒಂದು ದಿನ ಬಂದೇ ಬರುತ್ತೆ, ಆಗ ನಿಮ್ಮ ಮೇಲಿನ ನಂಬಿಕೆನೇ ಹೋಗ್ಬಿಡುತ್ತೆ. ಸಂತೋಷ ಆಯ್ತು ಅನ್ನೋದನ್ನೂ ಹೇಳ್ಬೇಕಾ ಅಂತ ಕೇಳಿದ್ರೆ, ಹೂಂ, ಅದನ್ನೂ ಹೇಳಿ. ಇಷ್ಟು ವರ್ಷ ಜೊತೆಗಿದ್ದ ಗಂಡನಿಗೆ ಹೆಂಡತಿ ತನ್ನ ದೇವರನ್ನ ಇನ್ನೂ ಪ್ರೀತಿಸ್ತಾಳೆ ಅಂತ ಗೊತ್ತಾದ್ರೆ ಆಕಾಶ ಬೀಳಲ್ಲ, ಅವ್ರು ನಿಮ್ಮನ್ನ ಮತ ಬದಲಾಯಿಸು ಅಂತ ಯಾವತ್ತೂ ಕೇಳ್ಲಿಲ್ಲ, ಅದನ್ನ ನೆನಪಿಟ್ಕೊಳ್ಳಿ. ಸಿಟ್ಟು ಬರುತ್ತೆ. ಬರ್ಲಿ. ಆ ಸಿಟ್ಟಿಗೆ ನೀವು ಎದುರು ಮಾತಾಡ್ಬೇಡಿ.

ಮಗನಿಗೆ ಏನು ಹೇಳೋದು ಅಂದ್ರೆ, ದೀಕ್ಷಾಸ್ನಾನ ಬೇಡ ಅಂತ ತಡೀಬೇಡಿ, 20 ವರ್ಷದೋನು ತಡೆದ್ರೆ ನಾಳೆನೇ ಹೋಗಿ ಮಾಡಿಸ್ಕೋತಾನೆ. ಒಂದು ವರ್ಷ ಟೈಮ್ ತಗೋ ಅನ್ನಿ. ಆ ವರ್ಷದಲ್ಲಿ ತನ್ನ ಬಾರ್ ಮಿತ್ಸ್ವಾ ಮಾಡಿಸಿದ ಯೆಹೂದಿ ಗುರು, ರಬ್ಬಿ ಹತ್ರ ಹೋಗಿ ಕೂತು, ಅವ್ರು ಯಾಕೆ ಇಲ್ಲ ಅಂತಾರೆ ಅಂತ ಪೂರ್ತಿ ಕೇಳ್ಲಿ, ಆ ಗುಂಪಿಗೆ ಸೇರದ ಒಂದು ಸಾಮಾನ್ಯ ಚರ್ಚಿನ ಪಾದ್ರಿ ಹತ್ರನೂ ಕೇಳ್ಲಿ. ಮೆಸ್ಸಿಯಾನಿಕ್ ಸಭೆಗಳಲ್ಲಿ ಮನಸಾರೆ ನಂಬಿ ಹೋಗೋರು ಇದಾರೆ, ಅವ್ರನ್ನ ನಾನು ಹಳಿಯಲ್ಲ, ಆದ್ರೆ ಯೆಹೂದಿಗಳನ್ನ ಕ್ರೈಸ್ತರನ್ನಾಗಿ ಮಾಡೋದೇ ಗುರಿ ಅಂತ ದುಡ್ಡು ಹಾಕಿ ನಡೆಸೋ ಸಂಸ್ಥೆಗಳೂ ಇವೆ, ಕಾಲೇಜು ಹುಡುಗರೇ ಅವ್ರಿಗೆ ಬೇಕಾಗೋದು. ಕ್ಯಾಥೊಲಿಕ್ ಚರ್ಚೇ 2015ರಲ್ಲಿ, ಯೆಹೂದಿಗಳನ್ನ ಗುರಿಯಾಗಿಟ್ಟು ನಾವು ಸಂಸ್ಥೆ ಕಟ್ಟಿ ಮತಪ್ರಚಾರ ಮಾಡಲ್ಲ, ಅದಕ್ಕೆ ಬೆಂಬಲಾನೂ ಕೊಡಲ್ಲ ಅಂತ ಬರೆದುಕೊಟ್ಟಿದೆ. ನಿನ್ನ ಗುಂಪಿಗೆ ದುಡ್ಡು ಯಾರು ಕೊಡ್ತಾರೆ, ನಡೆಸೋರು ಯಾವ ಚರ್ಚಿನೋರು, ಕೇಳು ಅನ್ನಿ. ಕೇಳಿದ್ದಕ್ಕೆ ನೇರ ಉತ್ತರ ಬರ್ದಿದ್ರೆ ಅವನಿಗೇ ಅರ್ಥ ಆಗುತ್ತೆ.

ವರ್ಷ ಆದ್ಮೇಲೂ ಯೇಸುನೇ ನಂಬ್ತೀನಿ ಅಂದ್ರೆ, ಅವನು ಕ್ರೈಸ್ತನಾಗ್ಲಿ, ನೇರವಾಗಿ ಆಗ್ಲಿ, ಅಪ್ಪನ ಜನರ ಮೇಲಿನ ಪ್ರೀತಿ ಬಿಡದೇ ಆಗ್ಲಿ. ಪ್ಯಾರಿಸ್‌ನ ಕ್ಯಾಥೊಲಿಕ್ ಧರ್ಮಗುರು ಕಾರ್ಡಿನಲ್ ಲುಸ್ಟಿಜೆ ಹಂಗೇ ಇದ್ರು, ಹುಟ್ಟಿದಾಗ ಅವ್ರ ಹೆಸರು ಆರೋನ್, 1940ರಲ್ಲಿ ಹದಿಮೂರನೇ ವಯಸ್ಸಿಗೆ ದೀಕ್ಷಾಸ್ನಾನ ತಗೊಂಡ್ರು, ತಾಯಿನ ಔಷ್ವಿಟ್ಸ್‌ಗೆ ಕಳ್ಸಿ ಕೊಂದ್ರು, ಅವ್ರು ಕೊನೇವರ್ಗೂ ನಾನು ಯೆಹೂದಿಯಾಗಿ ಹುಟ್ಟಿದೋನು, ಹಂಗೇ ಇದೀನಿ ಅಂತಿದ್ರು. ಎಷ್ಟೋ ರಬ್ಬಿಗಳು ಅದನ್ನ ಒಪ್ಲಿಲ್ಲ. ಆದ್ರೂ 2007ರಲ್ಲಿ ಅವ್ರು ತೀರ್ಕೊಂಡಾಗ ನೋತ್ರ್ ದಾಮ್ ಚರ್ಚಿನ ಮುಂದೆ, ಒಳಗೆ ತಗೊಂಡು ಹೋಗೋ ಮುಂಚೆ, ಯೆಹೂದಿಗಳು ಸತ್ತೋರ್ಗೆ ಹೇಳೋ ಕಡ್ಡಿಷ್ ಪ್ರಾರ್ಥನೆ ಹೇಳಿದ್ರು.

ಯಾರ ಕಡೆ ನಿಲ್ಲಲಿ ಅಂತ ಕೇಳಿದೀರ. ಈ ಸಲ ಯಜಮಾನ್ರ ಪಕ್ಕ ಕೂತ್ಕೊಳ್ಳಿ ಅಂತೀನಿ. ಮಗನಿಗೆ ಅವನ ಗುಂಪಿದೆ, ವಯಸ್ಸಿದೆ, ಹುರುಪಿದೆ, ನಿಮ್ಮ ಪ್ರೀತಿ ಹೇಗೂ ಇದೆ. ಈ ಹದಿನೈದು ದಿನದಿಂದ ಒಂಟಿ ಆಗಿರೋದು ಅವ್ರು. ಬರೋ ಶುಕ್ರವಾರ ಸಂಜೆ ಸಬ್ಬತ್ ದೀಪ ಹಚ್ಚಿ ಊಟ ಆದ್ಮೇಲೆ ಫೋನು ಆಚೆ ಇಟ್ಟು ಆ ರಾತ್ರಿ ಪ್ರಾರ್ಥನೆ ವಿಷಯ ಹೇಳಿ. ಅವ್ರು ಕೇಳಿದ್ರೆ ಕನ್ನಡದಲ್ಲೇ ಒಂದ್ಸಲ ಹೇಳಿ ತೋರ್ಸಿ, ಅರ್ಥಾನೂ ಬಿಡಿಸಿ ಹೇಳಿ. ಆಮೇಲೆ ಏನಾಯ್ತು ಅಂತ ನಂಗೆ ಬರೀರಿ.